ಪಟ್ಟ ಕಣ್ಣೆದುರಿಗಿತ್ತು, ಆದರೂ ಬಾಯಿ ಮುಚ್ಚಲಿಲ್ಲ

ಇರಾನ್ ಅಂದ ಕೂಡಲೇ ನಮ್ಮ ಮಾತು 1979ರ ಕ್ರಾಂತಿಯ ನಾಯಕ ಖೊಮೇನಿ, ಅವರ ನಂತರ ಪರಮಾಧಿಕಾರಿಯಾದ ಖಮೇನಿ ಅನ್ನುವ ಎರಡು ಹೆಸರಿಗೇ ನಿಂತುಬಿಡುತ್ತದೆ. ಇವರಿಬ್ಬರ ನಡುವೆ ಇನ್ನೊಬ್ಬರಿದ್ದರು, ಹುಸೇನ್ ಅಲಿ ಮೊಂತಜೆರಿ. ನಜಫಾಬಾದಿನ ರೈತರ ಮನೆಯ ಹುಡುಗ, ಧರ್ಮಗುರುಗಳು ಕಲಿಯುವ ಕೋಮ್ ನಗರದಲ್ಲಿ ಖೊಮೇನಿಯ ಶಿಷ್ಯ, ಕ್ರಾಂತಿಗೆ ಮೊದಲಿನ ದೊರೆ ಶಾ ಕಾಲದಲ್ಲಿ ಜೈಲು ಕಂಡವರು. 1985ರಲ್ಲಿ ಖೊಮೇನಿಯ ಉತ್ತರಾಧಿಕಾರಿಯಾಗಿ ಆಯ್ಕೆಯಾದರು.

ಇವರನ್ನು ಸುಧಾರಕ ಅಂತ ಹೊಗಳುವವರು ಒಂದು ವಿಷಯವನ್ನು ಮೆಲ್ಲಗೆ ದಾಟಿಬಿಡುತ್ತಾರೆ. ಧರ್ಮಗುರುವೇ ದೇಶದ ಪರಮಾಧಿಕಾರಿ ಅನ್ನುವುದನ್ನು ಸಂವಿಧಾನಕ್ಕೆ ಸೇರಿಸಿದ್ದು 1979ರ ತಜ್ಞರ ಸಭೆ. ಅದರ ಅಧ್ಯಕ್ಷರು ಇವರೇ! ಇದನ್ನು ಬದಿಗಿಟ್ಟು ಅವರನ್ನು ಸಂತನನ್ನಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಾಗಿದ್ದೂ ಅವರ ಮೇಲೆ ಗೌರವ ಇದೆ. ಅದಕ್ಕೆ ಕಾರಣ 1988.

ಇರಾಕ್ ಜೊತೆಗಿನ ಯುದ್ಧ ಮುಗಿಯುವ ಹೊತ್ತಿಗೆ ಖೊಮೇನಿ ಸರ್ಕಾರದ ವಿರೋಧಿಗಳಾದ ಮುಜಾಹಿದೀನ್ ಸಂಘಟನೆಯವರು ಇರಾಕಿನ ಕಡೆಯಿಂದ ದಾಳಿ ಮಾಡಿದರು. ಜೈಲಿನಲ್ಲಿದ್ದ, ನಿಲುವು ಬದಲಿಸದ ಅವರ ಸಂಗಾತಿಗಳನ್ನು ಕೊಲ್ಲಲು ಖೊಮೇನಿ ಆದೇಶ ಕೊಟ್ಟರು. ಆಗಲೇ ಶಿಕ್ಷೆ ಅನುಭವಿಸುತ್ತಿದ್ದವರನ್ನು ಮತ್ತೆ ಒಂದು ಸಮಿತಿಯ ಮುಂದೆ ಕರೆದು, ನಾಲ್ಕು ಪ್ರಶ್ನೆ ಕೇಳಿ ನೇಣಿಗೆ ಹಾಕಿದರು. ಸತ್ತವರು ಸಾವಿರಾರು. ಆಮೇಲೆ ಎಡಪಂಥೀಯರ ಸರದಿ.

ಖೊಮೇನಿಗೆ ಆಗ ಎಂಬತ್ತು ದಾಟಿತ್ತು, ಆರೋಗ್ಯ ಕೆಟ್ಟಿತ್ತು. ಇನ್ನು ಸ್ವಲ್ಪ ದಿನ ಸುಮ್ನೆ ಇದ್ದಿದ್ದರೆ ಅಧಿಕಾರ ತಾನಾಗಿ ಬರುತ್ತಿತ್ತು ಅಲ್ವಾ? ಮೊಂತಜೆರಿ ಗುರುವಿಗೇ ಖಂಡಿಸಿ ಪತ್ರ ಬರೆದರು. ಆಗಸ್ಟ್ 15ರಂದು ಆ ನೇಣಿನ ಸಮಿತಿಯವರನ್ನೇ ಎದುರಿಗೆ ಕೂರಿಸಿಕೊಂಡರು. ಇಸ್ಲಾಮಿಕ್ ಗಣರಾಜ್ಯದ ಅತಿ ದೊಡ್ಡ ಅಪರಾಧ ನಿಮ್ಮ ಕೈಯಿಂದ ನಡೆದಿದೆ, ಇತಿಹಾಸ ನಮ್ಮನ್ನು ಕ್ಷಮಿಸುವುದಿಲ್ಲ ಅಂದರು. ಮೊಹರಂ ಶುರುವಾಗಿತ್ತು. ಶಿಯಾಗಳು ಪ್ರವಾದಿಯ ಮೊಮ್ಮಗ ಹುಸೇನರಿಗಾಗಿ ಅಳುವ ತಿಂಗಳು. ಈ ತಿಂಗಳಾದರೂ ನಿಲ್ಲಿಸಿ ಅಂದರೆ, ಇನ್ನೂ ಇನ್ನೂರು ಜನರನ್ನು ಬೇರೆ ಮಾಡಿ ಇಟ್ಟಿದ್ದೇವೆ, ಅವರದ್ದೊಂದು ಮುಗಿಸಿಬಿಡುತ್ತೇವೆ ಅನ್ನುವ ಉತ್ತರ ಬಂತು. ಬಾಕಿ ಫೈಲು ವಿಲೇವಾರಿ ಮಾಡುವವರ ಧಾಟಿ!

1989ರ ಮಾರ್ಚ್‌ನಲ್ಲಿ ಪಟ್ಟ ಹೋಯಿತು. ಜೂನ್‌ನಲ್ಲಿ ಖೊಮೇನಿ ತೀರಿಕೊಂಡರು, ಖಮೇನಿ ಬಂದರು. 1997ರಲ್ಲಿ ಖಮೇನಿಯ ಧಾರ್ಮಿಕ ಅರ್ಹತೆಯನ್ನೇ ಪ್ರಶ್ನಿಸಿದ್ದಕ್ಕೆ ಇವರಿಗೆ ಐದು ವರ್ಷಕ್ಕೂ ಜಾಸ್ತಿ ಗೃಹಬಂಧನ. 2008ರಲ್ಲಿ, ಇರಾನಿನ ಸರ್ಕಾರ ಧರ್ಮವೆಂದೇ ಒಪ್ಪದ ಬಹಾಯಿ ಅಲ್ಪಸಂಖ್ಯಾತರಿಗೂ ನಾಗರಿಕ ಹಕ್ಕಿದೆ ಅಂತ ಫತ್ವಾ ಕೊಟ್ಟರು. ಆ ವ್ಯವಸ್ಥೆಯೊಳಗಿನ ಹಿರಿಯ ಗುರುವೊಬ್ಬರು ಹೀಗೆ ಹೇಳುವುದು ಸಣ್ಣ ಮಾತಲ್ಲ. 2009ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರ ಅಂತ್ಯಯಾತ್ರೆಯೇ ಸರ್ಕಾರದ ವಿರುದ್ಧದ ಪ್ರತಿಭಟನೆಯಾಯಿತು.

ಆ ಆಗಸ್ಟ್ ಮಾತುಕತೆಯ ಧ್ವನಿಮುದ್ರಣವನ್ನು ಮಗ ಅಹ್ಮದ್ 2016ರಲ್ಲಿ ಹೊರಗೆ ಬಿಟ್ಟರು. ಶಿಕ್ಷೆಯಾಗಿದ್ದು ಅಹ್ಮದ್‌ಗೆ. ಅವತ್ತು ಎದುರಿಗೆ ಕೂತು ಬೈಸಿಕೊಂಡವರಲ್ಲಿ ಒಬ್ಬರಾದ ಇಬ್ರಾಹಿಂ ರಯಿಸಿ 2021ರಲ್ಲಿ ದೇಶದ ಅಧ್ಯಕ್ಷರಾದರು.