ದೊಡ್ಡಮ್ಮನ ಮಂಚ, ನಮ್ಮ ಬಾಡಿಗೆ ಮನೆ

ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆ ಸಿಕ್ಕಿತು ಅಂತ ನೆಂಟರಿಗೆ ಧಾರಾಳವಾಗಿ ಹೇಳಬಹುದು. ಮನೆಗೆ ಸಾಮಾನಿಲ್ಲ ಅಂತ ಮಾತ್ರ ಬಾಯಿ ಬಿಡಬಾರದು. ಬಿಟ್ಟರೆ ತಾಲೂಕಿನ ಅಷ್ಟೂ ಅಟ್ಟಗಳು ಖಾಲಿಯಾಗಲು ಶುರುವಾಗುತ್ತವೆ.

ನಮ್ಮವರು ಮೇ ತಿಂಗಳ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತು ಈ ಮಾತು ಆಡಿಬಿಟ್ಟರು. ಪಾಯಸ ಬರುವಷ್ಟರಲ್ಲಿ ನಮಗೆ ಒಂದು ಮಂಚ, ಒಂದು ತಾಮ್ರದ ಹಂಡೆ, ಕಾಲು ಗಿಡ್ಡವಾದ ಒಂದು ಮೇಜು ಮಂಜೂರಾಗಿದ್ದವು. ಮಜ್ಜಿಗೆ ಹೊತ್ತಿಗೆ ಯಾವ ಸಾಮಾನು ಯಾವ ಗೋಡೆಗೆ ಇಡಬೇಕು ಅನ್ನೋದೂ ತೀರ್ಮಾನವಾಗಿತ್ತು. ಮನೆ ನೋಡಿದವರು ಆ ಪಂಕ್ತಿಯಲ್ಲಿ ನಾವಿಬ್ಬರೇ.

ಬೇಡ ಅನ್ನುವ ಸ್ಥಿತಿಯೂ ಇರಲಿಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಕೈಯಲ್ಲಿ ಉಳಿದಿದ್ದು 20 ಸಾವಿರ. ಶಿವಮೊಗ್ಗಕ್ಕೆ ಹೋಗಿ ನೆಹರು ರಸ್ತೆಯಲ್ಲಿ ಒಂದು ಸೋಫಾದ ಬೆಲೆ ಕೇಳಿದೆವು. ಕೇಳುವುದಕ್ಕೆ ದುಡ್ಡು ತಗೊಳ್ಳಲಿಲ್ಲ, ಅದೇ ದೊಡ್ಡದು. ಅಂಗಡಿಯವರು ಕಾಫಿ ತರಿಸಲಾ ಅಂದರು. ಕುಡಿದರೆ ಕೊಳ್ಳಬೇಕಾದೀತು ಅಂತ ಹೆದರಿ ನೇರ ಗಾಂಧಿ ಬಜಾರಿಗೆ ನಡೆದೆವು. ಬಕೆಟ್ಟು, ಕುಕ್ಕರ್, ಸ್ಟೀಲ್ ಲೋಟ, ಕಾಲೊರೆಸು. ಎಲ್ಲ ಒಂದರೊಳಗೊಂದು ತುರುಕಿ ಬಸ್ಸು ಹತ್ತಿದ್ದಾಯಿತು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಗಾಜನೂರು ದಾಟುವವರೆಗೆ ಲೋಟಗಳು ಸಭ್ಯವಾಗಿಯೇ ಇದ್ದವು. ಸಕ್ರೆಬೈಲಿನ ಆನೆ ಕಂಡರೆ ನೋಡೋಣ ಅಂತ ನಮ್ಮವರು ಕಿಟಕಿಗೆ ಬಗ್ಗಿದರು, ಬಕೆಟ್ಟಿನ ಮೇಲಿದ್ದ ಕೈ ತೆಗೆದರು. ಆನೆ ಕಾಣಲಿಲ್ಲ. ಮಂಡಗದ್ದೆ ಹತ್ತಿರದ ಒಂದು ತಿರುವಿನಲ್ಲಿ ಬಕೆಟ್ಟು ಮಗುಚಿ ಅರ್ಧ ಡಜನ್ ಲೋಟ ಡ್ರೈವರ್ ಕಡೆಗೆ ಉರುಳಿಕೊಂಡು ಹೋದವು. ಕಂಡಕ್ಟರ್ ಒಂದನ್ನು ಕಾಲಲ್ಲಿ ತಡೆದು, "ಅಕ್ಕಾ, ಇಷ್ಟೆಲ್ಲ ಓಡಾಡೋವಾದ್ರೆ ಇವಕ್ಕೂ ಟಿಕೆಟ್ ಹರೀಬೇಕಾಗ್ತದೆ" ಅಂದರು. ಹಿಂದಿನ ಸೀಟಿನ ಅಜ್ಜಿ ಒಂದು ಲೋಟ ಹಿಡಿದುಕೊಟ್ಟು ಬೆಲೆ ಕೇಳಿದರು. ಹೇಳಿದೆ. "ಎಳ್ಳಮಾವಾಸ್ಯೆ ಜಾತ್ರೆಗೆ ಕಾದಿದ್ರೆ ಇನ್ನೂ ಕಡಿಮೆಗೆ ಸಿಗ್ತಿತ್ತು" ಅಂದರು. ಆಗಿನ್ನೂ ಜೂನ್ ತಿಂಗಳು. ಜಾತ್ರೆವರೆಗೆ ನೀರು ಬೊಗಸೆಯಲ್ಲಿ ಕುಡಿಯಬೇಕಿತ್ತೇನೋ.

ಇರಲಿ, ಮಂಚಕ್ಕೆ ಬರೋಣ.

ಮಂಚ ದೊಡ್ಡಮ್ಮನದು. ಅವರ ಮನೆ ಮೇಗರವಳ್ಳಿ ಕಡೆ. ಅಜ್ಜನ ಕಾಲದ ಬೀಟೆ ಮಂಚ, ಅಗಲವೇ ನಾಲ್ಕೂವರೆ ಅಡಿ. ಕಪ್ಪಗೆ ಮಿರಿಮಿರಿ ಮಿಂಚುತ್ತದೆ. ತಲೆ ಕಡೆಯ ಹಲಗೆಯಲ್ಲಿ ಎದುರುಬದುರಾಗಿ ಎರಡು ನವಿಲು ಕೆತ್ತಿದ್ದಾರೆ. ಎಡಗಡೆ ನವಿಲಿಗೆ ಕೊಕ್ಕಿಲ್ಲ. ಕೊಕ್ಕಿದ್ದ ಜಾಗದಲ್ಲಿ ಸಣ್ಣ ಸಣ್ಣ ಗೆರೆಗಳಿವೆ, ಬೆರಳಾಡಿಸಿದರೆ ಸಿಗುತ್ತವೆ. "ಅದು ನಿನ್ನ ಭಾವ ಹಲ್ಲು ಬರೋ ಕಾಲಕ್ಕೆ ಕಚ್ಚಿದ್ದು" ಅಂದರು ದೊಡ್ಡಮ್ಮ. ಆ ಭಾವ ಈಗ ಬ್ಯಾಂಕಿನಲ್ಲಿ ಮ್ಯಾನೇಜರ್. ಅವರನ್ನು ಕಂಡಾಗಲೆಲ್ಲ ನನ್ನ ಕಣ್ಣು ಸುಮ್ನೆ ಅವರ ಮುಂದಿನ ಹಲ್ಲಿಗೇ ಹೋಗುತ್ತದೆ.

"ಅಜ್ಜನ ಪ್ರಾಣ ಹೋಗಿದ್ದೂ ಇದರ ಮೇಲೇ. ಎಷ್ಟು ಚಂದದ ಸಾವು ಗೊತ್ತುಂಟಾ! ನೀನೂ ಆರಾಮಾಗಿ ಮಲಗು ಮಾರಾಯ್ತಿ" ಅಂತಲೂ ಸೇರಿಸಿದರು.

ಸಾಗಿಸಲು ಲಗೇಜ್ ಆಟೋ ಬಂತು. ಬೀಟೆ ಅಂದ ಕೂಡಲೇ ಡ್ರೈವರ್ ಮುಖ ಸಣ್ಣದಾಯಿತು. ನಮ್ಮ ಕಡೆ ಬೀಟೆ ಮರ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನೋದು ಮಕ್ಕಳಿಗೂ ಗೊತ್ತು. "ಇದಕ್ಕೆ ಪಾಸ್ ಗೀಸ್ ಬೇಕಾಗ್ತದಾ ಅಮ್ಮಾ?" ಅಂದ. ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು, "ಮರದ ಲೆಕ್ಕ ಅಜ್ಜನ ಹತ್ರ ಇತ್ತು. ಇದರ ಮೇಲೆ ಹುಟ್ಟಿದವರ ಲೆಕ್ಕ ಬೇಕಾದ್ರೆ ನಾನು ಬರೆದುಕೊಡ್ತೀನಿ" ಅಂದರು. ಅವನು ಮತ್ತೆ ಏನೂ ಕೇಳಲಿಲ್ಲ, ಟಾರ್ಪಾಲು ಮಾತ್ರ ಎರಡು ಸುತ್ತು ಜಾಸ್ತಿ ಸುತ್ತಿದ.

ಆರಿದ್ರಾ ಮಳೆ ಹೊಯ್ಯುತ್ತಿತ್ತು. ಆ ಮಳೆಯಲ್ಲಿ ಮನೆ ಮುಂದೆ ಮಂಚ ಇಳಿಸಿದ ಮೇಲೆ ಗೊತ್ತಾಗಿದ್ದು, ಮಲಗುವ ಕೋಣೆಯ ಬಾಗಿಲು ಎರಡೂವರೆ ಅಡಿಯದು ಅಂತ. ಮಂಚವನ್ನು ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು, ತಲೆಕೆಳಗು ಮಾಡಿದರು. ಪಕ್ಕದ ಮನೆಯವರು ಕೊಡೆ ಹಿಡಿದುಕೊಂಡು ಬಂದು "ಸ್ವಲ್ಪ ಎಡಕ್ಕೆ" ಅಂದರು. ಅವರ ಹಿಂದೆ ಬಂದವರು "ಇಲ್ಲ ಇಲ್ಲ, ಬಲಕ್ಕೆ" ಅಂದರು. ಕಡೆಗೆ ಆಚಾರ್ರನ್ನು ಕರೆಸಿದ್ದಾಯಿತು, ಬಿಚ್ಚಿ ಒಳಗೆ ಜೋಡಿಸಿಕೊಡಿ ಅಂತ.

ಆಚಾರ್ರು ಮಂಚದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮೂಲೆಯ ಬೆಣೆ ಮುಟ್ಟಿದರು. ಒಂದೇ ಒಂದು ಮೊಳೆ ಇಲ್ಲ, ಸ್ಕ್ರೂ ಇಲ್ಲ. "ಇದನ್ನ ಮಾಡಿದವ ಬಿಚ್ಚಲಿಕ್ಕೆ ಅಂತ ಮಾಡಿದ್ದಲ್ಲ" ಅಂದರು. ಆ ದನಿಯಲ್ಲಿ ಇದ್ದಿದ್ದು ಮಂಚದ ಬಗ್ಗೆ ಭಕ್ತಿ, ನಮ್ಮ ಬಗ್ಗೆ ಕನಿಕರ. ಬಿಚ್ಚುವ ಬದಲು ಬಾಗಿಲೇ ಒಡೆಯಬಹುದು ಅಂತ ಸಲಹೆ ಕೊಟ್ಟು, ಚಾ ಕುಡಿದು ಹೋದರು. ಮನೆ ಓನರ್ ಅಲ್ಲೇ ನಿಂತಿದ್ದರು, ಪಾಪ.

ಹಾಗಾಗಿ ಮಂಚ ಹಾಲಿನಲ್ಲಿದೆ. ಮುಂಬಾಗಿಲಿಗೆ ಎರಡು ರೆಕ್ಕೆ ಇದ್ದಿದ್ದಕ್ಕೆ ಅಷ್ಟಾದರೂ ಆಯಿತು. ಸೋಫಾದ ಖರ್ಚು ಉಳಿಯಿತು ಅಂತ ನಮ್ಮವರಿಗೆ ಸಮಾಧಾನ. ಬಂದವರೆಲ್ಲ ಅದರ ಮೇಲೇ ಕೂರುತ್ತಾರೆ, ಕೂತು ಸ್ವಲ್ಪ ಹೊತ್ತಿಗೆ ಆಕಳಿಸುತ್ತಾರೆ. ರಾತ್ರಿ ಹತ್ತಾದರೂ ಎದ್ದು ಹೋಗದ ನೆಂಟರಿದ್ದರೆ ನಾವು ಎಲ್ಲಿ ಮಲಗಬೇಕು ಅನ್ನೋದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಉದ್ದದ ಮಟ್ಟಿಗೆ ಸರಿ. ಅಗಲದ ಬಗ್ಗೆ ಹಿರಿಯರು ಏನೂ ಹೇಳಿಹೋಗಿಲ್ಲ. ನಮ್ಮ ದುಡ್ಡಿಗೆ ಸಿಕ್ಕಿದ ರೆಡಿಮೇಡ್ ಹಾಸಿಗೆ ನಾಲ್ಕಡಿ ಅಗಲದ್ದು. ಗೋಡೆ ಕಡೆ ಅರ್ಧ ಅಡಿ ಕಾಲುವೆ ಉಳಿಯಿತು. ಮಂಚದ ಅಳತೆಗೇ ಮಾಡಿಸಿದರೆ ಬೆಲೆ ಕೇಳಿಯೇ ನಿದ್ದೆ ಹೋಗುತ್ತಿತ್ತು. ಹಳೇ ಕಂಬಳಿ ಮಡಚಿ ತುಂಬಿದ್ದೇವೆ. ಮೊಬೈಲು, ಕನ್ನಡಕ, ಟಿವಿ ರಿಮೋಟು ಎಲ್ಲ ಬೆಳಿಗ್ಗೆ ಅಲ್ಲೇ ಸಿಗುತ್ತವೆ. ನಮ್ಮವರ ಬಲಗೈಯೂ.

ಹಳೇದರ ಕಥೆ ಹೀಗಾಯ್ತಲ್ಲ, ಬಟ್ಟೆ ಇಡಲಿಕ್ಕಾದರೂ ಒಂದು ಹೊಸದು ಇರಲಿ ಅಂತ ಆನ್‌ಲೈನಿನಲ್ಲಿ ಕಪಾಟು ತರಿಸಿದೆವು. ಚಪ್ಪಟೆ ಡಬ್ಬದಲ್ಲಿ ಬಂತು, ಬಾಗಿಲಿನಲ್ಲಿ ಸಲೀಸಾಗಿ ಹೋಯಿತು. ಅದೇ ಖುಷಿಗೆ ನಾನು ಕೇಸರಿಬಾತ್ ಮಾಡಿದೆ. ಬಿಳಿ ಬಣ್ಣ, ಕನ್ನಡಿ ಬೇರೆ. ಪುಷ್ಯ ಮಳೆವರೆಗೆ ಚೆನ್ನಾಗಿಯೇ ಇತ್ತು.

ಆಗುಂಬೆ ನಮಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ನಮ್ಮೂರಿಗೆ ಅಷ್ಟಿಲ್ಲ, ಆದರೆ ಶೀತಕ್ಕೇನೂ ಬರವಿಲ್ಲ. ಜುಲೈನಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಲ್ಟಿಗೆ ಬರುತ್ತದೆ, ಒಂದು ವಾರ ಮುಟ್ಟದಿದ್ದರೆ ದೇವರ ಪುಸ್ತಕಕ್ಕೂ ಬರುತ್ತದೆ. ಕಪಾಟಿನ ಬುಡ ಮೊದಲು ಊದಿಕೊಂಡಿತು. ಆಮೇಲೆ ಬಾಗಿಲು ಮುಚ್ಚುವುದು ನಿಂತಿತು. ನಮ್ಮವರು ಭುಜ ಕೊಟ್ಟು ಒತ್ತಿ ಮುಚ್ಚಿದರು. ಮರುದಿನ ಸೋಮವಾರ, ಅದು ತೆಗೆಯುವುದು ನಿಂತಿತು. ಆಫೀಸಿನ ಅಂಗಿಗಳೆಲ್ಲ ಒಳಗೆ. ಅವತ್ತು ಅವರು ಮದುವೆಯ ರೇಷ್ಮೆ ಶರಟು ಹಾಕಿಕೊಂಡು ಹೋದರು. ಏನು ವಿಶೇಷ ಅಂತ ಕೇಳಿದವರಿಗೆಲ್ಲ ಪೇಡ ಕೊಡಿಸಬೇಕಾಯಿತು.

ಮತ್ತೆ ಆಚಾರ್ರು ಬಂದರು. ಊದಿದ ಅಂಚನ್ನು ಉಗುರಿನಲ್ಲಿ ಕೆರೆದರು. ಪುಡಿ ಪುಡಿ ಉದುರಿತು. "ಇದು ಮರ ಅಲ್ಲ ಅಕ್ಕಾ, ಮರದ ಉಪ್ಪಿಟ್ಟು" ಅಂದರು. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆಯಂತೆ. ನೀರು ಎಳೆದರೆ ಊದುತ್ತದೆ, ಊದಿದ ಮೇಲೆ ಸ್ಕ್ರೂ ಹಿಡಿಯುವುದಿಲ್ಲ, ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಪ್ಲೈವುಡ್ಡಾದರೂ 710 ನಂಬರಿನದು ಬೇಕು ಈ ಊರಿಗೆ, ಅದು ದೋಣಿಗೆ ಹಾಕುವ ಜಾತಿ ಅಂದರು. ಬೆಲೆ ಕೇಳಿದೆ. ದೋಣಿಯ ಬೆಲೆಯೇ.

ಇದಕ್ಕಿಂತ ದೊಡ್ಡ ಪಜೀತಿ ಇನ್ನೊಂದಿದೆ. ಪುಕ್ಕಟೆ ಬಂದ ಸಾಮಾನು ಮನೆಗೆ ಬರುತ್ತದೆ, ನಮ್ಮದಾಗುವುದಿಲ್ಲ. ಹಂಡೆ ಕೊಟ್ಟ ಅತ್ತೆ ಬಂದ ಕೂಡಲೇ ಬಚ್ಚಲಿಗೆ ಹೋಗಿ, "ಹುಣಸೆಹಣ್ಣು ಹಾಕಿ ತಿಕ್ಕೇ ಇಲ್ವಲ್ಲೇ" ಅನ್ನುತ್ತಾರೆ. ಮೇಜು ಕೊಟ್ಟ ಚಿಕ್ಕಮ್ಮ ವಿಡಿಯೋ ಕಾಲ್ ಮಾಡಿದಾಗ ನನ್ನ ಮುಖ ನೋಡುವುದಿಲ್ಲ, ಹಿಂದೆ ಮೇಜಿನ ಮೇಲೆ ಬಿಸಿ ಪಾತ್ರೆ ಇಟ್ಟಿದ್ದೀನಾ ಅಂತ ನೋಡುತ್ತಾರೆ. ಮಂಚ ಕೊಟ್ಟ ದೊಡ್ಡಮ್ಮ ಶ್ರಾವಣದಲ್ಲಿ ಕಣ್ಣು ತೋರಿಸಲು ಪೇಟೆಗೆ ಬಂದವರು ಸೀದಾ ಅದರ ಮೇಲೇ ಕಾಲು ನೀಡಿದರು. ನಾವು ಕೋಣೆಯಲ್ಲಿ ಚಾಪೆ ಹಾಸಿಕೊಂಡೆವು. ಮಳೆ ಹೊಳವಾಗಲಿ ಅಂತ ಅವರು ಕಾದರು. ಆಶ್ಲೇಷ ಮಳೆ ಮುಗಿದು ಮಘೆ ಹಿಡಿಯಿತು.

ಅಂತೂ ಒಂದು ಬೆಳಿಗ್ಗೆ ಬಿಸಿಲು ಬಂತು. ಚೀಲ ಹಿಡಿದು ಹೊರಟ ದೊಡ್ಡಮ್ಮ ಮುಂಬಾಗಿಲ ಹತ್ತಿರ ನಿಂತರು. ಕಂಬಕ್ಕೆ ಕೈಯಿಟ್ಟು ಗೇಣು ಹಾಕಲು ಶುರು ಮಾಡಿದರು.

"ಎಂತ ದೊಡ್ಡಮ್ಮ?" ಅಂದೆ.

"ಭತ್ತದ ಪತ್ತಾಯ ಒಂದು ಸುಮ್ನೆ ಬಿದ್ದುಕೊಂಡಿದೆ ಮಾರಾಯ್ತಿ" ಅಂದರು. "ಹಲಸಿನ ಮರದ್ದು. ಬಟ್ಟೆ ಇಡ್ಲಿಕ್ಕೆ ಆಗ್ತದೆ ನಿಂಗೆ. ಇದರಲ್ಲಿ ಹಿಡೀತದಾ ಅಂತ ನೋಡಿದೆ."