ಅವ್ವನ ಚಟ್ನಿಪುಡಿಗೆ ಕೆ.ಜಿ ಲೆಕ್ಕ

ಹೋದ ಮೇ ತಿಂಗಳು. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನನ್ನ ಸೂಟ್‌ಕೇಸ್ 23 ಕೆ.ಜಿ ತೂಗಿತು. ನಾನು ದುಡ್ಡು ಕಟ್ಟಿದ್ದು 20 ಕೆ.ಜಿಗೆ. ಮೂರು ಕೆ.ಜಿ ತೆಗೀರಿ, ಇಲ್ಲಾಂದ್ರೆ ಹೆಚ್ಚಿನ ತೂಕಕ್ಕೆ ಕಟ್ಟಿ ಅಂತ ಕೌಂಟರಿನ ಹುಡುಗಿ ನಗುತ್ತಲೇ ಹೇಳಿದಳು. ಒಂದು ಕೆ.ಜಿಗೆ ಆಕೆ ಹೇಳಿದ ರೇಟಿನಲ್ಲಿ ನಮ್ಮ ರಾಯಚೂರಿನಲ್ಲಿ ಹತ್ತು ಕೆ.ಜಿ ಸೋನಾ ಮಸೂರಿ ಬರುತ್ತದೆ.

ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತು ಸೂಟ್‌ಕೇಸ್ ಬಿಚ್ಚಿದೆ. ಮೇಲೆ ನನ್ನ ಬಟ್ಟೆ, ಕೆಳಗೆಲ್ಲ ಅವ್ವನ ಸಂಸಾರ. ಶೇಂಗಾ ಚಟ್ನಿ ಒಂದು ಡಬ್ಬಿ, ಗುರೆಳ್ಳು ಪುಡಿ ಒಂದು, ಅಗಸಿ ಪುಡಿ ಒಂದು. ಮೂರು ಕವರಿನಲ್ಲಿ ಸುತ್ತಿ ದಾರ ಬಿಗಿದ ಮಾವಿನಕಾಯಿ ಉಪ್ಪಿನಕಾಯಿ. ಐದು ಕೆ.ಜಿ ಜೋಳದ ಹಿಟ್ಟು. ನಾನಿರುವ ಶಾರ್ಜಾದಲ್ಲೂ ಸಿಗುತ್ತದೆ ಅಂತ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. "ಅಲ್ಲಿನ ಹಿಟ್ಟಿಗೆ ಜಿಗಿ ಇರಲ್ಲ, ರೊಟ್ಟಿ ಹರೀತದ" ಅನ್ನುತ್ತಾಳೆ. ಕಡಕ್ ರೊಟ್ಟಿ ಮಾತ್ರ ಕೈಚೀಲದಲ್ಲಿತ್ತು. ಅದಕ್ಕೆ ತೂಕವೇ ಇಲ್ಲ, ಆದರೆ ದೊಡ್ಡ ಲಗೇಜಿಗೆ ಹಾಕಿದರೆ ಶಾರ್ಜಾದಲ್ಲಿ ಇಳಿಯುವಾಗ ಚೂರು ಮಾತ್ರ ಉಳಿದಿರುತ್ತದೆ.

ತಮ್ಮ ಆಗಲೇ ಹೊರಗಿನ ಗೇಟಿನಿಂದ ವಾಪಸ್ ಹೋಗಿಬಿಟ್ಟಿದ್ದ. ಏನನ್ನೂ ಕೊಟ್ಟು ಕಳಿಸುವ ಹಾಗಿರಲಿಲ್ಲ. ಶರ್ಟಿನ ಮೇಲೆ ಇನ್ನೊಂದು ಶರ್ಟು ಹಾಕಿಕೊಂಡೆ, ಅದರ ಮೇಲೆ ಜಾಕೆಟ್. ಚಪ್ಪಲಿ ಸೂಟ್‌ಕೇಸಿಗೆ, ಶೂ ಕಾಲಿಗೆ. ಕಿಸೆಯಲ್ಲಿ ಚಾರ್ಜರು, ಬೆಲ್ಟು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನಾನು ಕಾಶ್ಮೀರಕ್ಕೆ ಹೊರಟವನ ಹಾಗೆ ನಿಂತಿದ್ದೆ. ಇಷ್ಟು ಮಾಡಿದರೂ ಒಂದು ಕೆ.ಜಿ ಜಾಸ್ತಿಯೇ ಉಳಿಯಿತು. ಬಾಯಿ ಮುಚ್ಚಿಕೊಂಡು ದುಡ್ಡು ಕಟ್ಟಿದೆ.

ನಾನು ಹೊರನಾಡಿಗೆ ಬಂದು ಹನ್ನೊಂದು ವರ್ಷ ಆಯಿತು. ವರ್ಷಕ್ಕೊಮ್ಮೆ, ಒಮ್ಮೊಮ್ಮೆ ಎರಡು ಸಲ ಊರಿಗೆ ಹೋಗುತ್ತೇನೆ. ಪ್ರತಿ ಸಲವೂ ಮನೆಯಲ್ಲಿ ಅದೇ ಜಗಳ. ಅಗ್ಗದ ವಿಮಾನವೋ, ಎಲ್ಲ ಸೇರಿಸಿ ಕೊಡುವ ದೊಡ್ಡ ವಿಮಾನವೋ? ಹೆಂಡತಿ ದೊಡ್ಡದರ ಪರ. ನಾನು ಲೆಕ್ಕದ ಮನುಷ್ಯ, ಇಷ್ಟು ವರ್ಷ ಅಗ್ಗದ್ದರ ಪರ. ಆದರೆ ಆವತ್ತು ಎರಡು ಶರ್ಟಿನೊಳಗೆ ಬೆವರುತ್ತಾ ಕೂತಾಗ ಒಂದು ಅನಿಸಿತು. ನಾವು ಎಣಿಸದೆ ಬಡಿಸುವ ಊರಿನವರು. ನಮಗೆ ಈ ಎಣಿಸುವ ವ್ಯವಹಾರ ಒಗ್ಗುವುದಿಲ್ಲ.

ನಮ್ಮೂರ ಖಾನಾವಳಿಯನ್ನೇ ನೋಡಿ. ತಟ್ಟೆ ಮುಂದೆ ಕೂತರೆ ರೊಟ್ಟಿ ಬರುತ್ತಲೇ ಇರುತ್ತದೆ. ಸಾಕು ಅಂದರೂ ಇನ್ನೊಂದು ಬೀಳುತ್ತದೆ. ಪುಂಡಿಪಲ್ಯ ಖಾಲಿಯಾದದ್ದು ನಿಮಗೆ ಗೊತ್ತಾಗುವ ಮೊದಲೇ ಬಡಿಸುವವನಿಗೆ ಗೊತ್ತಾಗಿರುತ್ತದೆ. ಎರಡು ರೊಟ್ಟಿ ತಿಂದವನಿಗೂ ಆರು ತಿಂದವನಿಗೂ ಒಂದೇ ಬಿಲ್ಲು. ಕಡಿಮೆ ತಿಂದವನು ಜಾಸ್ತಿ ತಿಂದವನ ಪಾಲಿನದನ್ನೂ ಕಟ್ಟುತ್ತಾನೆ, ನಿಜ. ಆದರೆ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ದೊಡ್ಡ ಏರ್‌ಲೈನ್ಸ್‌ಗಳ ರೀತಿಯೂ ಇದೇ. ಟಿಕೆಟ್ಟಿನೊಳಗೇ ಊಟ, ಲಗೇಜು, ಸೀಟು, ಹೊದಿಕೆ. ಬೇಕೋ ಬೇಡವೋ ಎಲ್ಲ ಸೇರಿಸಿಯೇ ರೇಟು.

ಅಗ್ಗದ ವಿಮಾನ ಅಂದರೆ ನಮ್ಮ ರಾಯಚೂರಿನ ತೀನ್ ಕಂದೀಲ್ ಹತ್ತಿರ ನಿಲ್ಲುವ ಟಂಟಂ ಗಾಡಿ. ಟಂಟಂನವನಿಗೆ ಡೀಸೆಲ್ ಯಾರೂ ಕಡಿಮೆಗೆ ಕೊಡುವುದಿಲ್ಲ. ಹಾಗಿದ್ದರೆ ಆಟೋದವನಿಗಿಂತ ಕಡಿಮೆ ದುಡ್ಡಿಗೆ ಹೇಗೆ ಒಯ್ಯುತ್ತಾನೆ? ಮೂವರ ಜಾಗದಲ್ಲಿ ಐವರನ್ನು ಕೂರಿಸುತ್ತಾನೆ, ಮತ್ತೆ ಗಾಡಿಯನ್ನು ಸುಮ್ನೆ ನಿಲ್ಲಿಸುವುದಿಲ್ಲ. ವಿಮಾನದ್ದೂ ಅಷ್ಟೇ. ಏರ್‌ಲೈನ್ಸ್ ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದು, ಅದರ ರೇಟು ಇಬ್ಬರಿಗೂ ಒಂದೇ. ಅಗ್ಗದವರು ಉಳಿಸುವುದೆಲ್ಲ ಬೇರೆ ಕಡೆ. ಏರ್‌ಬಸ್ ಎ320 ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇಟ್ಟರೆ 150–160 ಸೀಟು. ಅದನ್ನು ತೆಗೆದು ಒತ್ತೊತ್ತಾಗಿ ಹಾಕಿದರೆ 180, 186. ಎಲ್ಲ ಒಂದೇ ಜಾತಿಯ ವಿಮಾನ ಇಟ್ಟುಕೊಂಡರೆ ಪೈಲಟ್ಟಿಗೆ ಒಂದೇ ತರಬೇತಿ, ಗೋದಾಮಿನಲ್ಲಿ ಒಂದೇ ಬಗೆಯ ಬಿಡಿಭಾಗ. ಇಳಿದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಹಾರಬೇಕು. ನೆಲದ ಮೇಲೆ ನಿಂತ ವಿಮಾನ ಕಂತು ಕಟ್ಟಿಸಿಕೊಳ್ಳುತ್ತದೆ, ದುಡಿಯುವುದಿಲ್ಲ.

ಅಮೆರಿಕದ ಸೌತ್‌ವೆಸ್ಟ್ ಕಂಪನಿಯ ಕಥೆ ನನಗೆ ತುಂಬ ಇಷ್ಟ. 1971ರಲ್ಲಿ ಟೆಕ್ಸಾಸ್‌ನಲ್ಲಿ ಹಾರಾಟ ಶುರು ಮಾಡಿದರು. ಮರುವರ್ಷವೇ ಕೈಯಲ್ಲಿ ದುಡ್ಡಿಲ್ಲ, ಇದ್ದ ನಾಲ್ಕು ವಿಮಾನದಲ್ಲಿ ಒಂದನ್ನು ಮಾರಬೇಕಾಯಿತು. ಆದರೆ ಟೈಮ್‌ಟೇಬಲ್ ನಾಲ್ಕು ವಿಮಾನದ್ದು. ಏನು ಮಾಡುವುದು? ಇಳಿದ ಹತ್ತೇ ನಿಮಿಷಕ್ಕೆ ಜನರನ್ನು ಇಳಿಸಿ, ಹತ್ತಿಸಿ, ಮತ್ತೆ ಹಾರಿಸುವುದನ್ನು ಕಲಿತರು. ಮೂರು ವಿಮಾನ ನಾಲ್ಕರ ಕೆಲಸ ಮಾಡಿತು. ನಮ್ಮ ಟಂಟಂ ಹುಡುಗರಿಗೆ ಹೇಳಿದರೆ ಇದರಲ್ಲೇನು ವಿಶೇಷ ಅಂದಾರು. ಇನ್ನೂ ಮಜಾ ಅಂದರೆ, ಇದೇ ಅಗ್ಗದ ಕಂಪನಿ ದಶಕಗಳ ಕಾಲ ತಲೆಗೆ ಎರಡು ಲಗೇಜನ್ನು ಬಿಟ್ಟಿಯಾಗಿ ಒಯ್ಯುತ್ತಿತ್ತು. ಅಂದರೆ ಅವ್ವನ ಡಬ್ಬಿ ಎಣಿಸದೆಯೂ ಅಗ್ಗದ ವಿಮಾನ ಓಡಿಸಬಹುದಿತ್ತು, ಅಲ್ವಾ? 2025ರಲ್ಲಿ ಅವರೂ ಎಣಿಸಲು ಶುರು ಮಾಡಿದರು. ಆ ಸುದ್ದಿ ಓದಿದ ದಿನ ನನಗೆ ಊರಲ್ಲಿ ಯಾರೋ ಪರಿಚಯದವರು ಅಂಗಡಿ ಮುಚ್ಚಿದಷ್ಟು ಬೇಜಾರಾಯಿತು.

ನಮ್ಮ ದೇಶಕ್ಕೆ ಈ ರೀತಿಯನ್ನು ತಂದದ್ದು ಕನ್ನಡಿಗರೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ರೇಷ್ಮೆ ಬೆಳೆದವರು. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಅದರ ಗುರುತು. ಒಂದು ರೂಪಾಯಿ ಟಿಕೆಟ್ ಅಂತ ಆಗ ಊರಲ್ಲೆಲ್ಲ ಅದೇ ಮಾತು. ಸಿಕ್ಕವರು ಎಷ್ಟು ಜನರೋ, ಮಾತಾಡದವರಂತೂ ಇರಲಿಲ್ಲ. ಅದೇ 2003ರಲ್ಲಿ ಇಲ್ಲಿ ಶಾರ್ಜಾದಲ್ಲಿ ಏರ್ ಅರೇಬಿಯಾ ಹುಟ್ಟಿತು. ಪಕ್ಕದ ದುಬೈನಲ್ಲಿ 1985ರಿಂದಲೇ ಎಮಿರೇಟ್ಸ್ ಇತ್ತು. ಅರ್ಧ ಗಂಟೆಯ ದಾರಿಯಲ್ಲಿ ಎರಡು ರೀತಿಯೂ ಸಿಗುತ್ತವೆ. ಎಮಿರೇಟ್ಸ್ ಹೈದರಾಬಾದಿನವನನ್ನೂ ಕೊಚ್ಚಿಯವನನ್ನೂ ದುಬೈಗೆ ತಂದು, ಅಲ್ಲಿಂದ ಲಂಡನ್ನಿಗೋ ನ್ಯೂಯಾರ್ಕಿಗೋ ದಾಟಿಸುತ್ತದೆ, ನಮ್ಮ ಗುಂತಕಲ್ ಜಂಕ್ಷನ್ ಹಾಗೆ. ನನ್ನಂಥವನಿಗೆ ಅದೆಲ್ಲ ಬೇಕಿಲ್ಲ. ಇಲ್ಲಿ ಹತ್ತಿ ಶಂಷಾಬಾದಿನಲ್ಲಿ ಇಳಿದರೆ ಆಯಿತು. ಜಡ್ಚರ್ಲಾ, ಮೆಹಬೂಬ್‌ನಗರ, ಮಕ್ತಲ್ ದಾಟಿ ಕೃಷ್ಣೆಯ ಸೇತುವೆ ಬಂದರೆ ಶಕ್ತಿನಗರದ ಚಿಮಣಿ ಕಾಣುತ್ತದೆ. ಅಲ್ಲಿಗೆ ಮನೆ ಬಂದ ಹಾಗೆ.

ನನ್ನ ಮೊದಲ ವಿಮಾನ ಮಾತ್ರ ಕಿಂಗ್‌ಫಿಷರ್. 2008, ಬೆಂಗಳೂರಿನಿಂದ ಹೈದರಾಬಾದ್. ಕಂಪನಿ ದುಡ್ಡಿನ ಟಿಕೆಟ್. ಒಂದು ಗಂಟೆಯ ಹಾರಾಟಕ್ಕೆ ಬಿಸಿ ಊಟ, ಸೀಟಿನ ಬೆನ್ನಿಗೊಂದು ಟಿವಿ, ಕೆಂಪು ಬಟ್ಟೆಯ ಹುಡುಗಿಯರು, ಕೊಟ್ಟ ಪೆನ್ನು ವಾಪಸ್ ಕೇಳಲಿಲ್ಲ. ಆ ಪೆನ್ನನ್ನು ಅಪ್ಪ ಮೂರು ವರ್ಷ ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದರು. ರೀಫಿಲ್ ಮುಗಿದ ಮೇಲೂ.

ಎರಡು ವರ್ಷದ ಹಿಂದೆ ಅವ್ವ ಶಾರ್ಜಾಕ್ಕೆ ಬಂದಿದ್ದಳು. ಬರುವಾಗ ನಾನು ಬುಕ್ ಮಾಡಿದ ಅಗ್ಗದ ವಿಮಾನ. ತಳ್ಳುಗಾಡಿ ಹತ್ತಿರ ಬಂದಾಗ ಅವ್ವ ನೀರು ಕೇಳಿದ್ದಾಳೆ. ಹುಡುಗಿ ಬಾಟಲಿ ಕೊಟ್ಟು ಕೈ ಚಾಚಿದ್ದಾಳೆ. ಅವ್ವನ ಹತ್ತಿರ ದಿರ್ಹಂ ಎಲ್ಲಿಂದ ಬರಬೇಕು? ಬಾಟಲಿ ವಾಪಸ್ ಕೊಟ್ಟಿದ್ದಾಳೆ. ಪಕ್ಕದಲ್ಲಿ ಕೂತಿದ್ದ ನಿಜಾಮಾಬಾದಿನ ಹುಡುಗ ಒಬ್ಬ ಕೊಡಿಸಿದನಂತೆ. ಇಳಿದು ಬಂದವಳು ಮೊದಲು ಕೇಳಿದ್ದು ಅದನ್ನೇ. "ನೀರಿಗೂ ರೊಕ್ಕ ತಗೊಂತಾರಲ್ಲೋ ತಮ್ಮಾ, ಬಾಯಾರಿದವರಿಗೆ?" ನಾನು ಬಿಸಿನೆಸ್ ಮಾಡೆಲ್ ಬಗ್ಗೆ ಏನೋ ಹೇಳಲು ಹೋದೆ. ಹೆಂಡತಿ ಕಣ್ಣು ಬಿಟ್ಟಳು, ಸುಮ್ಮನಾದೆ.

ವಾಪಸ್ ಹೋಗುವಾಗ ಹೆಂಡತಿ ಹಟ ಹಿಡಿದು ದೊಡ್ಡ ಏರ್‌ಲೈನ್ಸಿನಲ್ಲೇ ಕಳಿಸಿದಳು. ಟ್ರೇ ಬಂತಂತೆ. ಅವ್ವ ಅದರಲ್ಲಿ ತಿಂದದ್ದು ಮೊಸರು ಒಂದೇ. ಸಣ್ಣ ಉಪ್ಪಿನ ಪೊಟ್ಟಣ, ಮೆಣಸಿನ ಪೊಟ್ಟಣ, ಹಲ್ಲುಕಡ್ಡಿ ಎಲ್ಲ ಸೆರಗಿನ ತುದಿಗೆ ಕಟ್ಟಿಕೊಂಡು ಊರಿಗೆ ಒಯ್ದಳು. ಆದರೆ ಓಣಿಯಲ್ಲೆಲ್ಲ ಹೇಳಿದ್ದು ಒಂದೇ ಮಾತು: "ಊಟಕ್ಕ ಕರದ್ರು." ದೊಡ್ಡ ಏರ್‌ಲೈನ್ಸ್‌ಗಳು ಮಾರುವುದು ಇದನ್ನೇ ಇರಬೇಕು. ಆ ಫಾಯಿಲ್ ಡಬ್ಬಿಯ ಉಪ್ಪಿಟ್ಟನ್ನು ಯಾರೂ ಆಸೆಪಟ್ಟು ತಿನ್ನುವುದಿಲ್ಲ. ಕರೆದರಲ್ಲ ಅನ್ನುವುದು ಇರುತ್ತದೆ.

ಊರವರ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಟಿಕೆಟ್ ಬುಕ್ ಮಾಡಿಕೊಡು ಅಂತ ಫೋನ್ ಮಾಡುವ ನೆಂಟರಿಗೆ ಎಲ್ಲಕ್ಕಿಂತ ಕಡಿಮೆಯದ್ದೇ ಬೇಕು. ನೂರು ರೂಪಾಯಿ ಜಾಸ್ತಿ ಇದ್ದರೂ ಬೇಡ. ಆಮೇಲೆ ಹತ್ತಿದವರು ಮಾಡುವ ದೂರು ಕೇಳಬೇಕು. ಕಿಟಕಿ ಸೀಟು ಕೊಡಲಿಲ್ಲ, ಚಹಾಕ್ಕೆ ಇಷ್ಟು ತಗೊಂಡ್ರು, ಕಾಲು ಚಾಚಕ್ಕಾಗಲಿಲ್ಲ. ಟಂಟಂ ಹತ್ತಿ ಖಾನಾವಳಿ ಊಟ ಕೇಳಿದ ಹಾಗೆ. ಒಬ್ಬ ಸಂಬಂಧಿಕರಂತೂ ಕೈಚೀಲದ 7 ಕೆ.ಜಿ ಲೆಕ್ಕ ತಪ್ಪಿಸಲು ಪಂಚೆಯ ಗಂಟಿನಲ್ಲಿ ತೆಂಗಿನಕಾಯಿ ಕಟ್ಟಿಕೊಂಡು ಬಂದಿದ್ದರು. ಸೆಕ್ಯೂರಿಟಿಯವನ ಮುಖ ನೀವು ನೋಡಬೇಕಿತ್ತು.

ಇಷ್ಟೆಲ್ಲ ಬೈದ ಮೇಲೆ ಕೆಲವು ವಿಷಯ ಒಪ್ಪಿಕೊಳ್ಳಲೇಬೇಕು. ಮನಸ್ಸಿಲ್ಲ, ಆದರೂ.

ಪೆನ್ನು ಕೊಟ್ಟ ಕಿಂಗ್‌ಫಿಷರ್ 2012ರಲ್ಲಿ ನಿಂತುಹೋಯಿತು. ಅಲ್ಲಿ ಕೆಲಸ ಮಾಡಿದವರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ನಮ್ಮ ಏರ್ ಡೆಕ್ಕನ್ನನ್ನು ಅದಕ್ಕೂ ಮೊದಲೇ ಅದು ನುಂಗಿತ್ತು. ಚೆನ್ನಾಗಿ ಬಡಿಸುತ್ತಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಸೇರಿಹೋಯಿತು. 2006ರಲ್ಲಿ ಶುರುವಾದ ಇಂಡಿಗೋ, ಸ್ಯಾಂಡ್‌ವಿಚ್ಚಿಗೂ ದುಡ್ಡು ತೆಗೆದುಕೊಳ್ಳುತ್ತಾ, ಇವತ್ತು ದೇಶದೊಳಗೆ ಹಾರುವ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಜನರನ್ನು ಒಯ್ಯುತ್ತದೆ. ಎಣಿಸದೆ ಬಡಿಸಿದವರ ಗತಿ ಇದು. ಹಾಗಂತ ಎಣಿಸಿದವರೆಲ್ಲ ಉಳಿದಿದ್ದಾರೆ ಅಂತಲೂ ಇಲ್ಲ, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತಲ್ಲ. ಈಗಂತೂ ಇಂಡಿಗೋ ಕೂಡ ಕೆಲವು ದಾರಿಗಳಲ್ಲಿ ಬಿಸಿನೆಸ್ ಕ್ಲಾಸ್ ಇಟ್ಟಿದೆ, ದೊಡ್ಡವರು ಲಗೇಜಿನ ತೂಕ ಇಳಿಸುತ್ತಿದ್ದಾರೆ. ಯಾರು ಖಾನಾವಳಿ, ಯಾರು ಟಂಟಂ ಅನ್ನುವುದೇ ತಿಳಿಯದ ಹಾಗಾಗಿದೆ.

ಖಾನಾವಳಿಯ ವಿಷಯದಲ್ಲೂ ನಾನು ಸ್ವಲ್ಪ ಸುಳ್ಳು ಹೇಳಿದೆ. ಮೇ ತಿಂಗಳಲ್ಲಿ ಹೋದಾಗ ನಾನು ಹುಡುಗನಿದ್ದಾಗಿಂದ ಹೋಗುವ ಜಾಗದಲ್ಲೇ ಗೋಡೆಗೆ ಬೋರ್ಡು ಹಾಕಿದ್ದರು. ಊಟಕ್ಕೆ ಮೂರು ರೊಟ್ಟಿ, ಎಕ್ಸ್‌ಟ್ರಾ ರೊಟ್ಟಿಗೆ ಬೇರೆ ರೇಟು. ಗಲ್ಲಾ ಮೇಲೆ ಕೂತ ಮಾಲೀಕರು ನನ್ನನ್ನು ನೋಡಿ ನಾಚಿಕೊಂಡ ಹಾಗೆ ನಕ್ಕರು. "ಜ್ವಾಳದ ರೇಟ ನೋಡ್ರಿ ಸರ್, ರೊಟ್ಟಿ ಬಡಿಯೋ ಹೆಣ್ಮಕ್ಳ ಕೂಲಿ ನೋಡ್ರಿ." ನಾನು ಐದು ತಿಂದು, ಐದರ ದುಡ್ಡು ಕೊಟ್ಟು ಬಂದೆ.

ನಮ್ಮ ರಾಯಚೂರಿನ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಅಂತ ನಾವು ಕೇಳುತ್ತಲೇ ಇದ್ದೇವೆ. ಆದ ದಿನ ಅಲ್ಲಿಗೆ ಟ್ರೇ ಹಿಡಿದುಕೊಂಡು ದೊಡ್ಡ ವಿಮಾನ ಬರುವುದಿಲ್ಲ. ತೋರಣಗಲ್ಲಿನ ವಿದ್ಯಾನಗರಕ್ಕೆ ಬಂದಂತೆ ಚಿಕ್ಕ ವಿಮಾನವೇ ಬರಬೇಕು, ಅದೂ ಸಣ್ಣ ಊರುಗಳಿಗೆ ವಿಮಾನ ಬರಲಿ ಅಂತ ಸರ್ಕಾರ ತಂದ ಉಡಾನ್ ಯೋಜನೆಯ ಆಸರೆಯಲ್ಲಿ. 2017ರಲ್ಲಿ ಆ ಯೋಜನೆಯ ಹಾರಾಟ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ ಹಾಕಿದ್ದರು. ಬಂದರೆ ನಾನು ಖುಷಿಯಿಂದ ಹತ್ತುತ್ತೇನೆ. ನೀರು ಮನೆಯಿಂದ ಒಯ್ಯುತ್ತೇನೆ.

ಅವ್ವನೂ ಪೂರ್ತಿ ನನ್ನ ಪಕ್ಷದಲ್ಲಿ ಉಳಿಯಲಿಲ್ಲ. ದೊಡ್ಡ ವಿಮಾನಕ್ಕೆ ಎಷ್ಟು ಜಾಸ್ತಿ ಕೊಟ್ಟೆವು ಅಂತ ತಮ್ಮನ ಬಾಯಿಂದ ಗೊತ್ತಾದ ದಿನ ಫೋನ್ ಮಾಡಿದ್ದಳು. "ತಿನ್ನಲಾರದ ಊಟಕ್ಕ ಅಷ್ಟು ರೊಕ್ಕ ಯಾಕ ಕೊಟ್ಟಿ? ಕಟಗರೊಟ್ಟಿ ಇದ್ದಿಲ್ಲೇನು ನನ್ನ ಚೀಲದಾಗ?" ಅಗ್ಗದ ವಿಮಾನ ಇಲ್ಲದಿದ್ದರೆ ಅವ್ವ ಶಾರ್ಜಾ ನೋಡುತ್ತಲೇ ಇರಲಿಲ್ಲ ಅನ್ನುವುದೂ ನಿಜ. ಆ ವರ್ಷ ನನ್ನ ಕೈಯಲ್ಲಿ ಎರಡೂ ಕಡೆಗೆ ದೊಡ್ಡ ಟಿಕೆಟ್ ತೆಗೆಯುವಷ್ಟು ಇರಲಿಲ್ಲ.

ದೀಪಾವಳಿಗೆ ಮತ್ತೆ ಹೋಗಬೇಕು. ಮೊನ್ನೆ ರಾತ್ರಿ ಮೊಬೈಲಿನಲ್ಲಿ ಎರಡೂ ರೇಟು ತೆಗೆದು ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ಅವ್ವನ ಫೋನು. ಕೌಂಟರಿನ ಸುದ್ದಿಯನ್ನು ನಾನು ಅವಳಿಗೆ ಹೇಳಿರಲಿಲ್ಲ. ತಮ್ಮನಿಗೆ ಹೇಳಿದ್ದೆ, ಅವನು ಹೇಳಿದ್ದಾನೆ.

"ಈ ಸಲ ಎಷ್ಟು ಕೆ.ಜಿ ಬಿಡ್ತಾರಂತ ಮದ್ಲ ಹೇಳು" ಅಂದಳು.

"ಯಾಕವ್ವಾ?"

"ಶೇಂಗಾ ಪುಡಿ, ಗುರೆಳ್ಳು ಪುಡಿ ಹ್ಯಾಂಗ ಕುಟ್ಟಬೇಕಂತ ಲೆಕ್ಕ ಹಾಕಾಕ್ಹತ್ತೀನಿ. ಖಾಲಿ ಡಬ್ಬಿ ಒಯ್ದು ಕಿರಾಣಿ ಅಂಗಡಿ ತಕ್ಕಡ್ಯಾಗ ಇಟ್ಟು ನೋಡೀನಿ. ಸ್ಟೀಲಿನ ಡಬ್ಬಿನ ಮುನ್ನೂರು ಗ್ರಾಂ ತೂಗ್ತದ. ಅದಕ್ಕ ಈ ಸಲ ಪ್ಲಾಸ್ಟಿಕ್ ಕವರಿನಾಗ ಕಟ್ತೀನಿ."