ಬೆಟ್ಟಿ ಲವೆಟ್ ಹಾಡಿಗೆ ಕಷ್ಟದ ಸರ್ಟಿಫಿಕೇಟ್ ಬೇಡ

ಬೆಟ್ಟಿ ಲವೆಟ್ ಕಥೆಯನ್ನು ಯಾರಿಗೆ ಹೇಳಿದರೂ ಕೊನೆಗೆ ಬರುವ ಮಾತು ಒಂದೇ: 'ತಾಳಿದವನು ಬಾಳಿಯಾನು ಬಿಡಿ.' ಇನ್ನು ಕೆಲವರು, ಬೆಂಕಿಯಲ್ಲಿ ಬೆಂದ ಮೇಲೇ ಅಲ್ಲವೇ ಚಿನ್ನಕ್ಕೆ ಹೊಳಪು ಅನ್ನುತ್ತಾರೆ. ಎರಡೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಒಬ್ಬ ಹಾಡುಗಾರ್ತಿ ಹಾಡಿಟ್ಟ ಇಡೀ ಆಲ್ಬಂ 28 ವರ್ಷ ಕಂಪನಿಯ ಗೋದಾಮಿನಲ್ಲಿ ಕೊಳೆಯಿತು. ಅದಕ್ಕೆ ನಾವು ಇಲ್ಲಿ ಕೂತು ಗಾದೆ ಹುಡುಕಿ ಕೊಡುವುದು ಯಾಕೆ?

ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ಅಮೆರಿಕದ ಕಪ್ಪು ಜನರ ಸಂಗೀತ ಪ್ರಕಾರಗಳಾದ ಸೋಲ್ ಮತ್ತು ಬ್ಲೂಸ್ ಹಾಡುವ ಈಕೆ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಸೋಲ್ ಗಾಯಕಿಯರ ಜೀವನಕಥೆ ಸಾಮಾನ್ಯವಾಗಿ ಚರ್ಚಿನಿಂದ ಶುರುವಾಗುತ್ತದೆ. ಈಕೆಯದು ಶುರುವಾಗುವುದು ನಡುಮನೆಯಲ್ಲಿದ್ದ, ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸಿನಿಂದ. ಅಪ್ಪ ಅಮ್ಮ ಮನೆಯಲ್ಲೇ ಜೋಳದ ಸಾರಾಯಿ ಮಾರುತ್ತಿದ್ದರು. ಊರೂರು ಸುತ್ತಿ ದೇವರ ಹಾಡು ಹಾಡುವ ಗಾಸ್ಪೆಲ್ ತಂಡದವರು, ಸೋಲ್ ಸ್ಟಿರರ್ಸ್‌ನಂಥ ದೊಡ್ಡ ಹೆಸರಿನವರೂ ಸೇರಿ, ಅಲ್ಲಿಗೆ ಬಂದು ಗಂಟಲು ಒದ್ದೆ ಮಾಡಿಕೊಂಡು ಹೋಗುತ್ತಿದ್ದರಂತೆ. ದೇವರ ಹಾಡು ಹಾಡಿದವರಿಗೂ ಬಾಯಾರುತ್ತದಲ್ಲ.

1962ರಲ್ಲಿ, 16ನೇ ವಯಸ್ಸಿಗೆ ಮೊದಲ ರೆಕಾರ್ಡ್, 'ಮೈ ಮ್ಯಾನ್'. ಅಟ್ಲಾಂಟಿಕ್ ಕಂಪನಿ ಅದನ್ನು ಎತ್ತಿಕೊಂಡು ದೇಶಾದ್ಯಂತ ಹಂಚಿತು. ಕಪ್ಪು ಸಂಗೀತದ ಜನಪ್ರಿಯ ಹಾಡುಗಳ 'ಆರ್ ಅಂಡ್ ಬಿ' ಪಟ್ಟಿಯಲ್ಲಿ 7ನೇ ಸ್ಥಾನ. 1965ರಲ್ಲಿ ಕ್ಯಾಲಾ ಎಂಬ ಪುಟ್ಟ ರೆಕಾರ್ಡ್ ಲೇಬಲ್‌ಗೆ ಹಾಡಿದ 'ಲೆಟ್ ಮಿ ಡೌನ್ ಈಸಿ' 20ನೇ ಸ್ಥಾನ ಮುಟ್ಟಿತು. ಈ ಹಾಡನ್ನು ಹಾಗೇ ದಾಟಿ ಹೋಗಲಿಕ್ಕಾಗುವುದಿಲ್ಲ. ಬಿಟ್ಟು ಹೋಗುವುದೇ ಆದರೆ ಮೆತ್ತಗೆ ಬಿಟ್ಟು ಹೋಗು ಎಂದು ಬೇಡಿಕೊಳ್ಳುವ ಹೆಣ್ಣಿನ ಹಾಡು ಅದು. ಹಿಂದೆ ಪಿಟೀಲುಗಳು ಟ್ಯಾಂಗೋ ನಡೆಯಲ್ಲಿ ಬಿಗಿಯಾಗಿ ಸಾಗುತ್ತಿರುತ್ತವೆ. ಮುಂದೆ ಈಕೆಯ ದನಿ ಒಡೆಯುವ ಅಂಚಿಗೆ ಬಂದು, ಒಡೆಯದೆ, ಮತ್ತೆ ಹಿಂದೆ ಸರಿದು ನಿಲ್ಲುತ್ತದೆ. ಬೇಡುತ್ತಿದ್ದಾಳೋ ಎಚ್ಚರಿಸುತ್ತಿದ್ದಾಳೋ ತಿಳಿಯುವುದಿಲ್ಲ. ಆಗ ವಯಸ್ಸು 19. ನಮ್ಮ ಗಾದೆಯವರ ಬೆಂಕಿ ಇನ್ನೂ ಹೊತ್ತಿಕೊಂಡೇ ಇರಲಿಲ್ಲ, ಚಿನ್ನ ಆಗಲೇ ಹೊಳೆಯುತ್ತಿತ್ತು.

1972ರಲ್ಲಿ ದೊಡ್ಡ ಅವಕಾಶ ಬಂತು. ಅಟ್ಲಾಂಟಿಕ್‌ನದೇ ಇನ್ನೊಂದು ಲೇಬಲ್ ಆಟ್ಕೋ, ಆಕೆಯನ್ನು ಅಲಬಾಮಾದ ಮಸಲ್ ಶೋಲ್ಸ್‌ಗೆ ಕಳಿಸಿತು. ಟೆನ್ನೆಸ್ಸಿ ನದಿ ದಂಡೆಯ ಸಣ್ಣ ಊರು. ಅರೀಥಾ ಫ್ರಾಂಕ್ಲಿನ್, ವಿಲ್ಸನ್ ಪಿಕೆಟ್ ಎಲ್ಲ ಬಂದು ಹಾಡಿಹೋದ ಜಾಗ. ಅಲ್ಲಿನ ಖಾಯಂ ವಾದ್ಯಗಾರರೇ ಈಕೆಗೂ ನುಡಿಸಿದರು. ಆಲ್ಬಂ ಸಿದ್ಧವಾಯಿತು, 'ಚೈಲ್ಡ್ ಆಫ್ ದಿ ಸೆವೆಂಟೀಸ್' ಎಂದು ಹೆಸರೂ ಇಟ್ಟಾಯಿತು. ಆಮೇಲೆ ಕಂಪನಿ, ಬಿಡುಗಡೆ ಇಲ್ಲ ಅಂದಿತು. ಒಂದೆರಡು ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಹೊರಬಂದವು, ಅಷ್ಟೇ. ಆ ಸುದ್ದಿ ಬಂದಾಗ ಊಟದ ಮೇಜಿನ ಕೆಳಗೆ ತೂರಿಕೊಂಡು ದಿನಗಟ್ಟಲೆ ಅಲ್ಲೇ ಇದ್ದೆ ಎಂದು ಆಕೆಯೇ ಹೇಳಿಕೊಂಡಿದ್ದಾಳೆ.

ಮುಂದಿನ ವರ್ಷಗಳನ್ನು 'ವನವಾಸ' ಎಂದು ಕರೆಯುವುದು ರೂಢಿ. ಆದರೆ ಈ ವನವಾಸದಲ್ಲಿ ಆಕೆ ಗೆಡ್ಡೆಗೆಣಸು ತಿಂದುಕೊಂಡು ಕೂತಿರಲಿಲ್ಲ, ದುಡಿಯುತ್ತಿದ್ದಳು. 1978ರಲ್ಲಿ ಒಂದು ಡಿಸ್ಕೋ ಹಾಡು. 'ಬಬ್ಲಿಂಗ್ ಬ್ರೌನ್ ಶುಗರ್' ಎಂಬ ಸಂಗೀತ ನಾಟಕದ ತಂಡದಲ್ಲಿ, ಹೆಸರಾಂತ ಜಾಜ್ ಗಾಯಕ ಕ್ಯಾಬ್ ಕ್ಯಾಲೊವೇ ಜೊತೆಗೆ, ವರ್ಷಗಟ್ಟಲೆ ಊರೂರು ತಿರುಗಾಟ. 1982ರಲ್ಲಿ ಮೋಟೌನ್ ಕಂಪನಿಯಿಂದ 'ಟೆಲ್ ಮಿ ಎ ಲೈ', ಅಂದರೆ ರೆಕಾರ್ಡ್ ಮಾಡಲು ತೊಡಗಿ 20 ವರ್ಷವಾದ ಮೇಲೆ ಹೊರಬಂದ ಮೊದಲ ಪೂರ್ತಿ ಆಲ್ಬಂ! ಉಳಿದಂತೆ ಡೆಟ್ರಾಯಿಟ್‌ನ ಸಣ್ಣ ಕ್ಲಬ್ಬುಗಳು, ಬಾರ್‌ಗಳು. ಜಿಮ್ ಲೂಯಿಸ್ ಎಂಬ ಹಳೆಯ ಟ್ರೊಂಬೋನ್ ವಾದಕ ಆಕೆಯ ಮ್ಯಾನೇಜರ್ ಆಗಿದ್ದ. ನೀನು ಸ್ಟಾರ್ ಆಗುತ್ತೀಯೋ ಇಲ್ಲವೋ, ಹಾಡುಗಳನ್ನು ಸರಿಯಾಗಿ ಕಲಿತರೆ ಸಾಯುವವರೆಗೂ ಹಾಡಿಕೊಂಡು ಹೊಟ್ಟೆ ಹೊರೆಯಬಹುದು ಎನ್ನುವುದು ಅವನ ಪಾಠದ ಸಾರ. ಸೋಲ್ ಅಷ್ಟೇ ಅಲ್ಲ, ಜನಪ್ರಿಯ ಹಾಡುಗಳನ್ನೂ ಕಲಿಸಿದ. ಮುಂದೆ ಲೋಕ ಬೆರಗಾದ ಆ ಹಾಡುಗಾರಿಕೆ ಇಲ್ಲಿ ತಯಾರಾದದ್ದು, ಮೇಜಿನ ಕೆಳಗಲ್ಲ.

ಕೊನೆಗೆ ಆಲ್ಬಂ ಹೊರಬರಲು ಕಾರಣ ಕಂಪನಿಯ ಪಶ್ಚಾತ್ತಾಪವೇನೂ ಅಲ್ಲ. ಜಿಲ್ ಪೆತಾರ್ ಎಂಬ ಫ್ರೆಂಚ್ ಸಂಗ್ರಾಹಕ ಹಠ ಹಿಡಿದು ಟೇಪ್ ಹುಡುಕಿಸಿ, ಹಕ್ಕು ಪಡೆದು, 2000ದಲ್ಲಿ 'ಸುವೆನೀರ್ಸ್' ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ. 26ರ ಹುಡುಗಿಯ ದನಿಯನ್ನು ಜನ ಕೇಳಿದಾಗ ಆಕೆಗೆ 54. ಆಮೇಲೆ ಎಲ್ಲವೂ ಬಿರುಸು. 2003ರ 'ಎ ವುಮನ್ ಲೈಕ್ ಮಿ'ಗೆ ಬ್ಲೂಸ್ ಸಂಗೀತದ ಹ್ಯಾಂಡಿ ಪ್ರಶಸ್ತಿ. ವಿಭಾಗದ ಹೆಸರು 'ಕಂಬ್ಯಾಕ್'! ಎಲ್ಲಿಗೆ ಹೋಗಿದ್ದಳು, ವಾಪಸ್ ಬರಲು?

2005ರಲ್ಲಿ ಬಂದ 'ಐವ್ ಗಾಟ್ ಮೈ ಓನ್ ಹೆಲ್ ಟು ರೈಸ್', ಎಲ್ಲವೂ ಹೆಂಗಸರೇ ಬರೆದ ಹಾಡುಗಳು. ಮೊದಲನೆಯದು ಐರಿಷ್ ಗಾಯಕಿ ಶಿನೇಡ್ ಓ'ಕಾನರ್‌ದು. ವಾದ್ಯವೇ ಇಲ್ಲ, ಬರೀ ದನಿ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಆಕೆ ಬಿಡುವ ಮೌನಕ್ಕೆ ಎಂಥ ಧೈರ್ಯ ಬೇಕು ನೋಡಿ. ಆಲ್ಬಮ್ಮಿನ ಬಾಗಿಲಲ್ಲೇ ಕೇಳುಗನನ್ನು ನಿಲ್ಲಿಸಿಬಿಡುತ್ತಾಳೆ. ಲುಸಿಂಡಾ ವಿಲಿಯಮ್ಸ್ ಬರೆದ 'ಜಾಯ್'ನಲ್ಲಿ ಮೂಲದ ಊರುಗಳನ್ನು ತೆಗೆದು ಡೆಟ್ರಾಯಿಟ್, ಮಸಲ್ ಶೋಲ್ಸ್ ಸೇರಿಸುತ್ತಾಳೆ. ಕಳೆದುಕೊಂಡ ಸಂತೋಷವನ್ನು ಹುಡುಕುತ್ತ ತನ್ನದೇ ಊರುಗಳಿಗೆ ಹೋಗುತ್ತಾಳೆ. 'ಆದರೆ ಸ್ವಂತ ಹಾಡಿಲ್ಲವಲ್ಲ' ಎಂದು ಮೂಗು ಮುರಿಯುವ ರಾಕ್ ಪಂಡಿತರಿದ್ದಾರೆ. ಕವಿ ಬರೆದದ್ದನ್ನು ಗಾಯಕ ಹಾಡುವ ಭಾವಗೀತೆ ಕೇಳಿ ಬೆಳೆದ ನಮಗೆ ಇದೊಂದು ಆಕ್ಷೇಪಣೆ ಅಂತಲೇ ಅನಿಸುವುದಿಲ್ಲ.

2007ರ 'ದಿ ಸೀನ್ ಆಫ್ ದಿ ಕ್ರೈಮ್'ಗೆ ಮತ್ತೆ ಮಸಲ್ ಶೋಲ್ಸ್. ಹೆಸರೇ ಹೇಳುತ್ತದೆ: ಅಪರಾಧ ನಡೆದ ಜಾಗ. ಈ ಸಲ ಫೇಮ್ ಸ್ಟುಡಿಯೊ, ಜೊತೆಗೆ ಡ್ರೈವ್-ಬೈ ಟ್ರಕ್ಕರ್ಸ್ ಎಂಬ ರಾಕ್ ತಂಡ. ಅದರ ಪ್ಯಾಟರ್ಸನ್ ಹುಡ್‌ನ ಅಪ್ಪ ಡೇವಿಡ್ ಹುಡ್ 1972ರಲ್ಲಿ ಆಕೆಗೆ ಬೇಸ್ ನುಡಿಸಿದ್ದವನು. ಇದರಲ್ಲಿ ಎಲ್ಟನ್ ಜಾನ್‌ನ 'ಟಾಕಿಂಗ್ ಓಲ್ಡ್ ಸೋಲ್ಜರ್ಸ್' ಇದೆ. ಬಾರಿನಲ್ಲಿ ಕೂತ ಮುದುಕ, ಸತ್ತುಹೋದ ಗೆಳೆಯರು, ಇವನಿಗೆ ತಲೆ ಕೆಟ್ಟಿದೆ ಎನ್ನುವ ಜನ. 61ರ ಲವೆಟ್ ಹಾಡಿದಾಗ ಆ ಬಾರು ಡೆಟ್ರಾಯಿಟ್‌ಗೆ ಬಂದುಬಿಡುತ್ತದೆ, ಸತ್ತವರಿಗೆಲ್ಲ ಮುಖ ಮೂಡುತ್ತದೆ. ಮಾತಿಗೂ ಹಾಡಿಗೂ ನಡುವಿನ ಆ ಒರಟು ದನಿ ಕೆಲವು ಪದಗಳನ್ನು ನುಂಗಿಯೇಬಿಡುತ್ತದೆ.

ಗಾದೆಯವರು ಇಲ್ಲಿ ನನ್ನನ್ನು ಹಿಡಿಯುತ್ತಾರೆ: 'ನೋಡಿ, 26ಕ್ಕೇ ಗೆದ್ದಿದ್ದರೆ ಈ ಹಾಡು ಹೀಗೆ ಬರುತ್ತಿತ್ತೇ?' ಬಹುಶಃ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಅದು ವಯಸ್ಸು ಕೊಟ್ಟದ್ದು. ವಯಸ್ಸು ಎಲ್ಲರಿಗೂ ಆಗುತ್ತದೆ, ಅದಕ್ಕೆ ಯಾವ ಕಂಪನಿಯ ಕೃಪೆಯೂ ಬೇಕಿಲ್ಲ. ಅಂದಹಾಗೆ, ಎಲ್ಟನ್ ಜಾನ್‌ಗಾಗಿ ಆ ಮುದುಕನ ಅಳಲಿನ ಸಾಹಿತ್ಯ ಬರೆದ ಬರ್ನಿ ಟಾಪಿನ್‌ಗೆ ಹಾಡು ಬಂದಾಗ ಇನ್ನೂ 20 ವರ್ಷ. ಅವನು ಯಾವ ಬೆಂಕಿಯಲ್ಲಿ ಬೆಂದಿದ್ದ? ಇನ್ನು, ಆಕೆ ಮೂವತ್ತರಲ್ಲಿ, ನಲವತ್ತರಲ್ಲಿ ಹಾಡಬಹುದಾಗಿದ್ದ ಆಲ್ಬಮ್ಮುಗಳ ಲೆಕ್ಕ ಯಾರು ಕೊಡುತ್ತಾರೆ?

ಮುಂದಿನದು ಹೆಚ್ಚಿನವರಿಗೆ ಗೊತ್ತು. 2008ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಕೆನಡಿ ಸೆಂಟರ್ ಸನ್ಮಾನ ಸಮಾರಂಭದಲ್ಲಿ 'ದಿ ಹೂ' ಎಂಬ ಬ್ರಿಟಿಷ್ ರಾಕ್ ತಂಡದ ಹಾಡನ್ನು ಅದನ್ನು ಬರೆದ ಪೀಟ್ ಟೌನ್ಸೆಂಡ್ ಎದುರೇ ಹಾಡಿದಳು. ವಿಡಿಯೋದಲ್ಲಿ ಅವನ ಮುಖ ನೋಡಿ. ಮರುತಿಂಗಳು ಲಿಂಕನ್ ಸ್ಮಾರಕದೆದುರು, ಒಬಾಮಾ ಪದಗ್ರಹಣದ ಕಾರ್ಯಕ್ರಮದಲ್ಲಿ, ಜಾನ್ ಬಾನ್ ಜೋವಿ ಜೊತೆ ಸ್ಯಾಮ್ ಕುಕ್‌ನ 'ಎ ಚೇಂಜ್ ಈಸ್ ಗಾನಾ ಕಮ್'. ಕುಕ್ ಒಂದು ಕಾಲಕ್ಕೆ ಸೋಲ್ ಸ್ಟಿರರ್ಸ್‌ನ ಮುಖ್ಯ ಗಾಯಕ, ಹೌದು, ಅದೇ ಬಾಯಾರಿದ ತಂಡ. 2018ರಲ್ಲಿ ಪೂರ್ತಿ ಬಾಬ್ ಡಿಲನ್ ಹಾಡುಗಳ ಆಲ್ಬಂ, 2020ರಲ್ಲಿ ಹಿಂದಿನ ತಲೆಮಾರಿನ ಕಪ್ಪು ಗಾಯಕಿಯರ ಹಾಡುಗಳ 'ಬ್ಲ್ಯಾಕ್‌ಬರ್ಡ್ಸ್', 2023ರಲ್ಲಿ, 77ರಲ್ಲಿ, ರ್‍ಯಾಂಡಲ್ ಬ್ರ್ಯಾಂಬ್ಲೆಟ್ ಬರೆದ ಹಾಡುಗಳು.

ಎಲ್ಲಿಂದ ಶುರು ಮಾಡುವುದು ಅಂತ ಕೇಳುವವರಿಗೆ: ಕೆನಡಿ ಸೆಂಟರ್ ವಿಡಿಯೋ ಆಮೇಲೆ ನೋಡಿ. ಮೊದಲು 'ಲೆಟ್ ಮಿ ಡೌನ್ ಈಸಿ', ಆಮೇಲೆ 'ಸುವೆನೀರ್ಸ್' ಪೂರ್ತಿ, ಅದರಲ್ಲೂ ನೀಲ್ ಯಂಗ್‌ನ 'ಹಾರ್ಟ್ ಆಫ್ ಗೋಲ್ಡ್'. ಅದು ಮುಗಿದ ಮೇಲೂ ಗಾದೆ ನೆನಪಾದರೆ ಕಾಮೆಂಟಿನಲ್ಲಿ ಹಾಕಿ, ಜಗಳ ಆಡೋಣ.